ಮೂಳೆಯೊಳಗಿನ ಮೇಸ್ತ್ರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ನಾನು ಕಲಿತದ್ದು ಈ ಶಾಲೆಯಲ್ಲಿ. ಈಗ ಸೂಕ್ಷ್ಮದರ್ಶಕದಲ್ಲಿ ರೋಗಿಗಳ ಜೀವಕೋಶಗಳನ್ನು ನೋಡಿ ಕಾಯಿಲೆ ಗುರುತಿಸುವುದೇ ನನ್ನ ಕೆಲಸ. ಅದರಲ್ಲಿ ನಮ್ಮ ಊರುಗಳಿಗೆ ಬೇಕಾದ ಒಂದು ವಿಷಯವನ್ನು ಇಂದು ಹೇಳುತ್ತೇನೆ. ಜೈಂಟ್ ಸೆಲ್ ಟ್ಯೂಮರ್ ಎಂಬ ಮೂಳೆ ಗಡ್ಡೆಯ ವಿಷಯ ಅದು. ಕನ್ನಡದಲ್ಲಿ ದೈತ್ಯಕೋಶ ಗಡ್ಡೆ ಎನ್ನೋಣ.

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು, ಕನಕಪುರದಲ್ಲಿ ಕಲ್ಲು ಒಡೆಯುವವರು, ಮಾಗಡಿಯಲ್ಲಿ ಹೊಲ ಉಳುವವರು, ಮಂಡಿನೋವು ಯಾರಿಗೆ ಬಂದಿಲ್ಲ ಹೇಳಿ? ನೂರರಲ್ಲಿ ಬಹುಪಾಲು ದುಡಿಮೆಯ ನೋವೇ. ಈ ಗಡ್ಡೆ ಅಪರೂಪ. ಆದರೆ ಪಾಶ್ಚಾತ್ಯ ದೇಶಗಳಿಗಿಂತ ದಕ್ಷಿಣ ಭಾರತದಲ್ಲಿ ಇದರ ಪಾಲು ಹೆಚ್ಚು. ಬರುವುದು ಹೆಚ್ಚಾಗಿ 20ರಿಂದ 40 ವರ್ಷದವರಿಗೆ, ಅಂದರೆ ದುಡಿಯುವ ವಯಸ್ಸಿನವರಿಗೆ. ಜಾಗವೂ ಹೆಚ್ಚಾಗಿ ಮಂಡಿಯ ಅಕ್ಕಪಕ್ಕವೇ. ಕೆಲವರಿಗೆ ಮಣಿಕಟ್ಟಿನ ಬಳಿ.

ಮೂಳೆ ಕಲ್ಲಿನಂತೆ ಕಂಡರೂ ಅದು ಜೀವ ಇರುವ ವಸ್ತು. ಹಳೆಯ ಗೋಡೆ ಕೆಡವಿ ಹೊಸದು ಕಟ್ಟುವ ಕೆಲಸ ಅಲ್ಲಿ ಸದಾ ನಡೆಯುತ್ತಿರುತ್ತದೆ. ಕಟ್ಟುವ ಕೋಶಕ್ಕೆ ಆಸ್ಟಿಯೋಬ್ಲಾಸ್ಟ್ ಎಂದೂ ಕೆಡವುವ ಕೋಶಕ್ಕೆ ಆಸ್ಟಿಯೋಕ್ಲಾಸ್ಟ್ ಎಂದೂ ಹೆಸರು. ಕೆಡವುವ ಕೋಶ ರಕ್ತಕೋಶಗಳ ವಂಶದ್ದು. ಹಲವು ಸಣ್ಣ ಕೋಶಗಳು ಒಂದರೊಳಗೊಂದು ಬೆರೆತು ಅದು ಹುಟ್ಟುತ್ತದೆ. ಆದ್ದರಿಂದ ಅದರಲ್ಲಿ ಒಂದಲ್ಲ, ಹಲವು ಕೋಶಕೇಂದ್ರಗಳು. ಆಮ್ಲ ಮತ್ತು ಕಿಣ್ವಗಳನ್ನು ಸುರಿಸಿ ಅದು ಮೂಳೆಯನ್ನು ಕರಗಿಸುತ್ತದೆ.

ದೈತ್ಯಕೋಶ ಗಡ್ಡೆಯಲ್ಲಿ ಈ ಕೆಡವುವ ಕೋಶಗಳೇ ತುಂಬಿರುತ್ತವೆ. ಒಂದೊಂದರಲ್ಲಿ 50ಕ್ಕೂ ಹೆಚ್ಚು ಕೋಶಕೇಂದ್ರಗಳಿರಬಹುದು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಸೊಪ್ಪು ಮೇಯುವಂತೆ ಅವು ಮೂಳೆಯನ್ನು ಮೇಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅವೇ. ಗಡ್ಡೆಗೆ ಹೆಸರು ಬಂದದ್ದೂ ಅವುಗಳಿಂದಲೇ.

ಆದರೆ ರೋಗದ ಮೂಲ ಅವಲ್ಲ. ಅವುಗಳ ಸುತ್ತ ಒಂದೇ ಕೋಶಕೇಂದ್ರವಿರುವ, ನೋಡಲು ಸಾಧಾರಣವಾದ ಕೋಶಗಳಿರುತ್ತವೆ. ಗಡ್ಡೆಯಾಗಿ ಬೆಳೆಯುತ್ತಿರುವುದು ಇವು. ಇವು ರ‍್ಯಾಂಕ್ ಲಿಗ್ಯಾಂಡ್ ಎಂಬ ಪ್ರೋಟೀನನ್ನು ಅತಿಯಾಗಿ ತಯಾರಿಸುತ್ತವೆ. 'ಬನ್ನಿ, ಒಂದಾಗಿ, ಕೆಡವಿ' ಎಂಬ ಆಜ್ಞೆ ಅದು. ದೈತ್ಯಕೋಶಗಳು ಕರೆದಲ್ಲಿಗೆ ಬಂದ ಕೂಲಿಯಾಳುಗಳು. ಮೇಸ್ತ್ರಿ ಈ ಸಣ್ಣ ಕೋಶ.

ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 2013ರಲ್ಲಿ. ನಮ್ಮ ಡಿಎನ್‌ಎ ಎಳೆ, ರೇಷ್ಮೆ ನೂಲು ರೀಲಿಗೆ ಸುತ್ತಿಕೊಳ್ಳುವಂತೆ, ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಈ ಗಡ್ಡೆಯಿರುವ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಅಂಥ ಒಂದು ಹಿಸ್ಟೋನಿನ 34ನೇ ಸ್ಥಾನದ ಅಮೈನೋ ಆಮ್ಲ ಬದಲಾಗಿರುತ್ತದೆ. ಗ್ಲೈಸಿನ್ ಇರಬೇಕಾದಲ್ಲಿ ಸಾಮಾನ್ಯವಾಗಿ ಟ್ರಿಪ್ಟೊಫ್ಯಾನ್ ಬಂದು ಕೂತಿರುತ್ತದೆ. ಈ ಬದಲಾವಣೆ ಸಣ್ಣ ಕೋಶಗಳಲ್ಲಿದೆ, ದೈತ್ಯಕೋಶಗಳಲ್ಲಿಲ್ಲ. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮೂಳೆಯ ಒಂದು ಕೋಶದಲ್ಲಿ ಆದದ್ದು. ಅಂಟುರೋಗವಲ್ಲ, ಯಾರ ಕಣ್ಣೂ ತಾಗಿದ್ದಲ್ಲ. ಮನೆಯಲ್ಲಿ ಮದುವೆಗೆ ಹುಡುಗಿ ಇದ್ದರೆ ಈ ಮಾತು ಎಷ್ಟು ಮುಖ್ಯ ಎಂಬುದು ತಾಯಂದಿರಿಗೆ ಗೊತ್ತು.

ಮೇಸ್ತ್ರಿ ಯಾರೆಂದು ತಿಳಿದದ್ದರಿಂದ ಔಷಧದ ಶಕ್ತಿಯೂ ಮಿತಿಯೂ ಅರ್ಥವಾಯಿತು. ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು ರ‍್ಯಾಂಕ್ ಲಿಗ್ಯಾಂಡನ್ನು ಹಿಡಿದುಕೊಳ್ಳುತ್ತದೆ. ಆಜ್ಞೆ ತಲುಪದೆ ದೈತ್ಯಕೋಶಗಳು ಇಲ್ಲವಾಗುತ್ತವೆ, ನೋವು ತಗ್ಗುತ್ತದೆ, ಗಡ್ಡೆಯ ಸುತ್ತ ಮೂಳೆ ಗಟ್ಟಿಯಾಗುತ್ತದೆ. ಆದರೆ ಮೇಸ್ತ್ರಿ ಅಲ್ಲೇ ಇರುತ್ತಾನೆ. ಮದ್ದು ನಿಲ್ಲಿಸಿದರೆ ಮತ್ತೆ ಕರೆ ಹೋಗಬಹುದು. ಅದಕ್ಕೇ ಇಂದಿಗೂ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಗಡ್ಡೆಯನ್ನು ಚೆನ್ನಾಗಿ ಕೆರೆದು ತೆಗೆದು, ಆ ಗುಳಿಯನ್ನು ಮೂಳೆ ಸಿಮೆಂಟು ಅಥವಾ ಬೇರೆ ಮೂಳೆಯಿಂದ ತುಂಬುತ್ತಾರೆ. ಬೇಗ ಬಂದರೆ ಕೀಲು ಉಳಿಯುತ್ತದೆ. ತಡವಾದರೆ ಕೀಲಿನ ಭಾಗವನ್ನೇ ತೆಗೆಯಬೇಕಾಗಬಹುದು. ತೆಗೆದ ಮೇಲೂ ಮರಳಿ ಬರುವ ಗಡ್ಡೆ ಇದು. ಕೆಲವರಲ್ಲಿ ಶ್ವಾಸಕೋಶಕ್ಕೂ ಹೋಗುತ್ತದೆ. ಆದ್ದರಿಂದ ಗುಣವಾಯಿತೆಂದು ತಪಾಸಣೆ ಬಿಡಬಾರದು.

ನಾಟಿ ವೈದ್ಯರ ಮೇಲೆ ನನಗೆ ಅಗೌರವವಿಲ್ಲ. ಆದರೆ ಒಳಗೆ ಟೊಳ್ಳಾದ ಮೂಳೆಯನ್ನು ಎಣ್ಣೆ ಹಚ್ಚಿ ನೀವಿದರೆ ಮುರಿಯುವ ಅಪಾಯವಿದೆ. ಹರೆಯದವರ ಮಂಡಿ ಅಥವಾ ಮಣಿಕಟ್ಟಿನ ನೋವು ಮೂರು ನಾಲ್ಕು ವಾರವಾದರೂ ಹೋಗದಿದ್ದರೆ, ರಾತ್ರಿ ನಿದ್ದೆ ಕೆಡಿಸಿದರೆ, ಊತ ಬೆಳೆಯುತ್ತಿದ್ದರೆ, ನೀವಿಸುವ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಒಂದು ಎಕ್ಸ್‌ರೇ ತೆಗೆಸಿ. ಅನುಮಾನ ಕಂಡರೆ ಅವರೇ ಮುಂದಕ್ಕೆ ಬರೆದುಕೊಡುತ್ತಾರೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಿದೆ, ಜಯನಗರದಲ್ಲಿ ಮೂಳೆಗೆಂದೇ ಇರುವ ಸಂಜಯ್ ಗಾಂಧಿ ಆಸ್ಪತ್ರೆಯಿದೆ. ಎರಡೂ ಸರ್ಕಾರದವು. ನಮ್ಮ ಊರುಗಳಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ತಲುಪುವಷ್ಟು ದೂರ.

ಮಕ್ಕಳೇ, ಕಣ್ಣಿಗೆ ದೊಡ್ಡದಾಗಿ ಕಂಡದ್ದೇ ಕಾರಣ ಎಂದು ನಿಲ್ಲಿಸದೆ, ಅದನ್ನು ಕರೆದವರು ಯಾರು ಎಂದು ಕೇಳಿದವರಿಂದ ಈ ತಿಳಿವಳಿಕೆ ಬಂತು. ಹಾಗೆ ಕೇಳುವುದನ್ನು ಈ ಶಾಲೆಯಲ್ಲೇ ಕಲಿಯಬಹುದು. ಹಿರಿಯರು ಎಕ್ಸ್‌ರೇ ಮಾತನ್ನು ನೆನಪಿಡಿ, ಮನೆಗೆ ಹೋಗಿ ನಾಲ್ಕು ಜನಕ್ಕೆ ಹೇಳಿ.