ಬೀಳುವ ಬಾಟಲಿಯಲ್ಲಿ ನೀರೇಕೆ ನಿಲ್ಲುತ್ತದೆ?



2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ತೆರಳಿದಾಗ ಹೆಸರು ಮತ್ತು ಮೆಂತ್ಯದ ಕಾಳುಗಳೂ ಜೊತೆಗೆ ಹೋದವು. ಅಲ್ಲಿ ಅವನ್ನು ಮೊಳಕೆ ಬರಿಸುವ ಪ್ರಯೋಗವನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು. ಹೊಲದ ಹೆಸರನ್ನು ಬಲ್ಲ ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಮಕ್ಕಳಿಗೆ ಇದನ್ನು ಹೇಳಿದರೆ, 'ಅಲ್ಲಿ ಎಲ್ಲವೂ ತೇಲುವುದೇಕೆ?' ಎಂದು ಕೇಳದೆ ಬಿಡರು.

'ಅಲ್ಲಿ ಗುರುತ್ವವಿಲ್ಲ' ಎಂದು ನಾನೂ ಅನೇಕ ವರ್ಷ ಉತ್ತರಿಸಿದ್ದೇನೆ. ಅದು ತಪ್ಪು. ನಿಲ್ದಾಣವಿರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಭೂಮಿಯ ತ್ರಿಜ್ಯವೇ ಸುಮಾರು 6,400 ಕಿ.ಮೀ. ಆದುದರಿಂದ ಅಲ್ಲಿಯ ಗುರುತ್ವ ಇಲ್ಲಿಯದರ ಶೇ. 88ರಷ್ಟು ಇದ್ದೇ ಇದೆ. ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತದೆ ನೇರವಾಗಿ ದೂರ ಸಾಗಿಬಿಡುತ್ತಿತ್ತು.

ಹತ್ತನೆಯ ತರಗತಿಯ ನಂತರ ನಮ್ಮ ಮಕ್ಕಳು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಪಾರಿಭಾಷಿಕ ಪದಗಳನ್ನು ಅಲ್ಲಿ ಹೊಸದಾಗಿ ಕಲಿತಾರು. ನಾವು ಕೊಟ್ಟ ತಪ್ಪು ತಿಳಿವಳಿಕೆಯನ್ನು ತಿದ್ದುವವರು ಸಿಗುವುದು ಕಷ್ಟ. ಆದ್ದರಿಂದ 'ಶೂನ್ಯ ಗುರುತ್ವ' ಎಂಬ ಪತ್ರಿಕೆಯ ಮಾತನ್ನು ಬಿಟ್ಟು 'ತೂಕರಹಿತ ಸ್ಥಿತಿ' ಎನ್ನುವುದೇ ಲೇಸೆಂದು ನನ್ನ ಅಭಿಪ್ರಾಯ. ದ್ರವ್ಯರಾಶಿ ಎಲ್ಲಿಯೂ ಹೋಗಿರುವುದಿಲ್ಲ.

ಇದಕ್ಕೆ ಉಪಕರಣ ಬೇಡ, ಹಳೆಯ ನೀರಿನ ಬಾಟಲಿ ಸಾಕು. ತಳದ ಬಳಿ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ಮುಚ್ಚಳ ಹಾಕದೆ ಎತ್ತಿ ಹಿಡಿಯಿರಿ. ಮೇಲಿನ ನೀರು ಕೆಳಗಿನ ನೀರನ್ನು ಒತ್ತುವುದರಿಂದ ಧಾರೆ ಚಿಮ್ಮುತ್ತದೆ. ಈಗ ಕೈಬಿಡಿ. ಧಾರೆ ನಿಂತುಹೋಗುತ್ತದೆ! ಬಾಟಲಿ, ಮೇಲಿನ ನೀರು, ಕೆಳಗಿನ ನೀರು ಎಲ್ಲವೂ ಒಂದೇ ವೇಗೋತ್ಕರ್ಷದಿಂದ ಬೀಳುವಾಗ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ನಮಗೆ ತೂಕದ ಅನುಭವವಾಗುವುದೂ ನೆಲ ನಮ್ಮ ಪಾದವನ್ನು ಒತ್ತುವುದರಿಂದಲೇ. ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಸಿಗುವ ಕಾಲ ಸುಮಾರು 0.6 ಸೆಕೆಂಡು ಮಾತ್ರ. ನಾಲ್ಕಾರು ಬಾರಿ ಮಾಡಬೇಕಾದೀತು. ಮಕ್ಕಳನ್ನು ಮಾಳಿಗೆ ಹತ್ತಿಸಬೇಡಿ.

ನಿಲ್ದಾಣವೂ ಹೀಗೆಯೇ ಬೀಳುತ್ತಿದೆ, ಸೆಕೆಂಡಿಗೆ ನಾಲ್ಕು ಮೀಟರಿಗೂ ಮಿಕ್ಕಿ. ಅಷ್ಟರಲ್ಲಿ ಅದು ಸುಮಾರು 7.7 ಕಿ.ಮೀ. ಮುಂದೆ ಸಾಗಿರುವುದರಿಂದ, ದುಂಡಗಿನ ನೆಲವೂ ಅಷ್ಟೇ ಕೆಳಗೆ ಬಾಗಿರುತ್ತದೆ. ಬೀಳುವುದು ಮುಗಿಯುವುದೇ ಇಲ್ಲ.

ಕೊನೆಗೆ ಬಾಟಲಿಯನ್ನು ಮೇಲಕ್ಕೆ ಎಸೆಯಿರಿ. ಕೈಬಿಟ್ಟ ಮೇಲೆ, ಏರುವಾಗಲೂ ನೀರು ಸುರಿಯದು. ಎಸೆಯುವ ಮುನ್ನ ಪ್ರತಿಯೊಬ್ಬರಿಂದಲೂ ಊಹೆಯನ್ನು ಬರೆಸಿಕೊಳ್ಳಿ. ಬೇಕಿದ್ದರೆ ನಿಮ್ಮದನ್ನೂ ಬರೆಯಿರಿ.