ಕಾಡು ಖಾಲಿಯಿತ್ತೇ?



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಬ್ರೆಜಿಲ್: ಜನ, ಪರಿಸರ, ಸವಾಲು’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ದೇಶವನ್ನು ಒಂದು ಸಂಜೆಗೆ ಹಿಡಿಸುವುದು ನನ್ನಿಂದಾಗದು. ಚರಿತ್ರೆಯನ್ನು ಮೊದಲೇ ಮುಗಿಸಿಬಿಡುತ್ತೇನೆ. 1500ರಲ್ಲಿ ಪೋರ್ಚುಗೀಸರು ಬಂದರು. 1822ರಲ್ಲಿ ಸ್ವಾತಂತ್ರ್ಯ, 1888ರಲ್ಲಿ ಗುಲಾಮಗಿರಿ ರದ್ದು, 1964ರಿಂದ 1985ರವರೆಗೆ ಸೇನೆಯ ಆಡಳಿತ. 2022ರ ಜನಗಣತಿಯಂತೆ ಇಪ್ಪತ್ತು ಕೋಟಿ ಮೀರಿದ ಜನ. ಅವರಲ್ಲಿ ಮೂಲನಿವಾಸಿಗಳು ಸುಮಾರು 17 ಲಕ್ಷ. ದೇಶದ ಹೆಚ್ಚುಕಡಿಮೆ ಅರ್ಧ ಭಾಗ ಅಮೆಜಾನ್ ಸೀಮೆ. ಇನ್ನು ನನ್ನ ಮಾತೆಲ್ಲ ಆ ಕಾಡಿನ ಮಣ್ಣಿನ ಬಗ್ಗೆ, ಅದಕ್ಕಾಗಿ ಪಂಡಿತರು ಆಡುತ್ತಿರುವ ಒಂದು ಜಗಳದ ಬಗ್ಗೆ. ಜಗಳ ಇಷ್ಟೇ: ಯೂರೋಪಿನವರು ಕಾಲಿಡುವ ಮೊದಲು ಅಲ್ಲಿ ಎಷ್ಟು ಜನರಿದ್ದರು?

1542ರಲ್ಲಿ ಸ್ಪೇನಿನ ಓರೆಯಾನ ಅಮೆಜಾನ್ ನದಿಯುದ್ದಕ್ಕೂ ದೋಣಿಯಲ್ಲಿ ಇಳಿದುಬಂದ. ಜೊತೆಗಿದ್ದ ಕಾರ್ವಹಾಲ್ ಎಂಬ ಪಾದ್ರಿ, ದಂಡೆಯ ಮೇಲೆ ಊರಿಗೆ ಊರು ತಾಗಿಕೊಂಡಿದ್ದವು ಎಂದು ಬರೆದಿಟ್ಟ. ಅದೇ ಪಾದ್ರಿ ಬಿಲ್ಲು ಹಿಡಿದು ಕಾದಾಡುವ ಹೆಂಗಸರನ್ನೂ ಕಂಡೆನೆಂದು ಬರೆದಿದ್ದರಿಂದ ಅವನ ಊರುಗಳನ್ನೂ ಜನ ಕಟ್ಟುಕತೆಯ ಲೆಕ್ಕಕ್ಕೇ ಸೇರಿಸಿದರು. ಆಮೇಲೆ ಸಿಡುಬು, ದಡಾರ ಬಂದವು, ಗುಲಾಮರನ್ನು ಹಿಡಿಯುವವರು ಬಂದರು. ಮುಂದಿನ ಶತಮಾನಗಳ ಪ್ರವಾಸಿಗಳಿಗೆ ಕಂಡದ್ದು ಬರೀ ಕಾಡು.

ಹೈಸ್ಕೂಲಿನಲ್ಲಿ ನಮಗೆ ಭೂಗೋಳ ಕಲಿಸಿದ ಮೇಷ್ಟ್ರು ಪುಸ್ತಕ ನೋಡದೆ ದಕ್ಷಿಣ ಅಮೆರಿಕದ ನಕ್ಷೆಯನ್ನು ಹಲಗೆಯ ಮೇಲೆ ಒಂದೇ ಗೆರೆಯಲ್ಲಿ ಎಳೆಯುತ್ತಿದ್ದರು. “ಅಮೆಜಾನಿನ ಸಿರಿಯೆಲ್ಲ ಮರದಲ್ಲಿದೆ, ಮಣ್ಣಲ್ಲಿ ಏನೂ ಇಲ್ಲ. ಮರ ಕಡಿದಿರೋ, ಎರಡು ಮಳೆಗೆ ಸಾರವೆಲ್ಲ ತೊಳೆದು ಹೋಗುತ್ತದೆ” ಎನ್ನುತ್ತಿದ್ದರು. “ಹಾಗಾದ್ರೆ ಅಲ್ಲಿಯ ಜನ ಬೆಳೆಯೋದೇನು ಸಾರ್?” ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. “ಅದಕ್ಕೇ ಕಣೋ ಅಲ್ಲಿ ಜನ ಇಲ್ಲದಿರೋದು!” ಎಂದರು ಮೇಷ್ಟ್ರು. ನಾವೆಲ್ಲ ನಕ್ಕೆವು.

ಮೇಷ್ಟ್ರು ಅಂದು ಹೇಳಿದ್ದು ಆ ಕಾಲದ ದೊಡ್ಡ ಸಿದ್ಧಾಂತವನ್ನೇ. ಅದರ ಒಡತಿ ಬೆಟ್ಟಿ ಮೆಗ್ಗರ್ಸ್, ಸ್ಮಿತ್‌ಸೋನಿಯನ್ ಸಂಸ್ಥೆಯ ಪುರಾತತ್ವಜ್ಞೆ. ನದೀಮುಖದ ಮರಾಜೋ ದ್ವೀಪದಲ್ಲಿ ಗಂಡನೊಡನೆ ಅಗೆತ ನಡೆಸಿದಾಕೆ. ಇಂಥ ಬಡ ಮಣ್ಣು ದೊಡ್ಡ ಊರುಗಳನ್ನು ಸಾಕಲಾರದು, ಹೊರಗಿನಿಂದ ಬಂದ ನಾಗರಿಕತೆಯೂ ಇಲ್ಲಿ ಸೊರಗುತ್ತದೆ ಎಂದು 1971ರಲ್ಲಿ ಪುಸ್ತಕ ಬರೆದರು.

ಅವರ ವಾದಕ್ಕೆ ಎದುರಾಳಿಯಾದದ್ದೂ ಮಣ್ಣೇ. ಅಮೆಜಾನಿನ ಕೆಂಪು, ಹಳದಿ ಮಣ್ಣಿನ ನಡುವೆ ನದಿಯ ದಿಬ್ಬಗಳ ಮೇಲೆ ಅಲ್ಲಲ್ಲಿ ಕಡುಕಪ್ಪು ನೆಲ ಸಿಗುತ್ತದೆ. ಅಲ್ಲಿಯವರು ಅದನ್ನು ತೆರ್ರಾ ಪ್ರೆತಾ ಎನ್ನುತ್ತಾರೆ. ಅಗೆದರೆ ಇದ್ದಿಲು, ಮೀನಿನ ಮುಳ್ಳು, ಮೂಳೆ, ಮಡಕೆ ಚೂರು. ಬಹುಪಾಲು ಒಂದೆರಡು ಸಾವಿರ ವರ್ಷ ಹಳೆಯದು, ಫಲವತ್ತತೆ ಇನ್ನೂ ಇಳಿದಿಲ್ಲ. 1966ರಲ್ಲಿ ಇದನ್ನು ವಿವರವಾಗಿ ಬರೆದವರು ಡಚ್ ಮಣ್ಣುವಿಜ್ಞಾನಿ ವಿಮ್ ಸೋಂಬ್ರೂಕ್. ಎರಡನೇ ಮಹಾಯುದ್ಧದ ಕೊನೆಯ ಹಸಿವಿನ ಚಳಿಗಾಲದಲ್ಲಿ ಅವರ ಮನೆಯವರ ಹೊಟ್ಟೆ ಹೊರೆದದ್ದು ತಲೆಮಾರುಗಳಿಂದ ಬೂದಿ, ಕಸ ಹಾಕಿ ಹದಮಾಡಿದ ತುಂಡು ನೆಲವಂತೆ. ಕಪ್ಪು ಮಣ್ಣು ಆ ಕಣ್ಣಿಗೆ ಬಿದ್ದದ್ದು ಆಶ್ಚರ್ಯವಲ್ಲ. ನಮ್ಮ ಕರಾವಳಿಯ ಕೃಷಿಕರಿಗೂ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ, ಉರಿಯೇಳಲು ಬಿಡದೆ ಹೊಗೆಯಾಡಿಸಿದ ಸುಡುಮಣ್ಣನ್ನು ತೋಟಕ್ಕೆ ಹಾಕಿದವರು ನೀವು.

ಮೇಲಣ ಶಿಂಗು ನದಿಯ ಕುಯಿಕುರು ಜನರ ನೆಲದಲ್ಲಿ ಪುರಾತತ್ವಜ್ಞ ಮೈಕೆಲ್ ಹೆಕೆನ್‌ಬರ್ಗರ್ ಹಳೆಯ ಕಂದಕ, ನೇರ ಹಾದಿ, ನಡುವೆ ಬಯಲಿರುವ ಊರುಗಳ ಜಾಲವನ್ನೇ ಗುರುತಿಸಿದರು. ಅದನ್ನು ಸಾರಿದ 2003ರ ಪ್ರಬಂಧದ ಲೇಖಕರಲ್ಲಿ ಕುಯಿಕುರು ಮುಖಂಡ ಅಫುಕಾಕಾನ ಹೆಸರೂ ಇದೆ. ಅದೇ ಜನ ಇಂದಿಗೂ ಬೂದಿ, ಮೀನಿನ ಉಳಿಕೆ, ಮರಗೆಣಸಿನ ಸಿಪ್ಪೆ ಸುರಿದು, ಬೇಕೆಂದೇ ಕಪ್ಪು ಮಣ್ಣು ಮಾಡುತ್ತಾರೆಂದು 2023ರ ಅಧ್ಯಯನವೊಂದು ತೋರಿಸಿತು. ಹಿಂದಿನ ಬೆಂಚಿನವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ ಎಂದು ನಾನು ಬಗೆದಿದ್ದೇನೆ.

ಎದುರು ಪಕ್ಷ ಸುಮ್ಮನಿಲ್ಲ. ಈ ಮಣ್ಣಿಗೆ ಸಾರ ತಂದದ್ದು ನದಿಯ ಮೆಕ್ಕಲು, ಜನ ಆಮೇಲೆ ಬಂದು ನೆಲೆಸಿದರು ಎಂದು 2021ರಲ್ಲಿ ಕೆಲವರು ವಾದಿಸಿದರು. ಅದಕ್ಕೆ ಖಂಡನೆಗಳೂ ಬಂದವು. ಅದಕ್ಕಿಂತ ಗಟ್ಟಿಯಾದದ್ದು ಸಂಶೋಧಕಿಯರಾದ ಕ್ರಿಸ್ಟಲ್ ಮೆಕ್‌ಮೈಕೆಲ್, ಡೊಲೋರೆಸ್ ಪಿಪೆರ್ನೊ ಅವರ ಆಕ್ಷೇಪ. ಪಶ್ಚಿಮ ಅಮೆಜಾನಿನಲ್ಲಿ ನದಿಗಳಿಂದ ದೂರದ ಕಾಡಿನ ಮಣ್ಣನ್ನು ಕೊರೆದು ನೋಡಿದಾಗ ಅವರಿಗೆ ಇದ್ದಿಲು ಸಿಕ್ಕಿದ್ದು ಅತ್ಯಲ್ಪ. ಅಂದರೆ ದಂಡೆಯ ಸಾಕ್ಷಿಯನ್ನು ಇಡೀ ಕಾಡಿಗೆ ಹರಡಬೇಡಿ ಎಂದರ್ಥ. ಈ ಮಾತನ್ನು ತಳ್ಳಿಹಾಕುವುದು ಕಷ್ಟ.

ಎಂದೋ ಸತ್ತವರ ತಲೆ ಎಣಿಸಿ ಈಗೇನಾಗಬೇಕು ಎನ್ನುತ್ತೀರಾ? ಖಾಂಡವವನದ ಪ್ರಸಂಗ ಇಲ್ಲಿರುವ ಎಲ್ಲರಿಗೂ ಗೊತ್ತು. ಅಗ್ನಿಗೆ ಹಸಿವಾಯಿತು, ಕೃಷ್ಣಾರ್ಜುನರು ಕಾವಲು ನಿಂತರು. ತಾಳಮದ್ದಳೆಯಲ್ಲಿ ಅದನ್ನು ಅರ್ಜುನನ ಪರಾಕ್ರಮವಾಗಿ ಕೇಳಿ ಬೆಳೆದವರು ನಾವು. ಒಮ್ಮೆ ನನ್ನ ಕಾಲೇಜಿನ ಕನ್ನಡ ಅಧ್ಯಾಪಕರು, “ಇಂದ್ರಪ್ರಸ್ಥದ ಸಭೆ ಕಟ್ಟಿದ ಮಯ ಎಲ್ಲಿಂದ ಎದ್ದು ಬಂದ, ನೋಡಿಕೊಳ್ಳಿ. ಸುಟ್ಟ ಕಾಡಿನಿಂದಲೇ!” ಎಂದಿದ್ದರು. ಸುಡುವವರ ಲೆಕ್ಕದಲ್ಲಿ ಆ ಕಾಡಿನಲ್ಲಿ ಯಾರೂ ಇರಲಿಲ್ಲ.

1970ರಲ್ಲಿ ಬ್ರೆಜಿಲ್‌ನ ಸೇನಾ ಅಧ್ಯಕ್ಷ ಮೆದಿಚಿ ಅಮೆಜಾನ್ ಹೆದ್ದಾರಿ ಸಾರಿದಾಗಲೂ ಇದೇ ಲೆಕ್ಕ: ಈಶಾನ್ಯದ ಬರಪೀಡಿತ ಭೂಹೀನರಿಗೆ ಜನರಿಲ್ಲದ ನೆಲ. ಖಾಲಿ ಕಾಡು ಎಂಬ ಮಾತು ಆಗ ಸರ್ಕಾರದ ಯೋಜನೆಯೇ ಆಯಿತು. 1988ರ ಸಂವಿಧಾನ ಮೂಲನಿವಾಸಿಗಳ ನೆಲದ ಹಕ್ಕನ್ನು ಒಪ್ಪಿತು. ಅದು ಜಾರಿಗೆ ಬಂದ ಅಕ್ಟೋಬರ್ 5ರಂದು ನೆಲದ ಮೇಲೆ ಇದ್ದವರಿಗಷ್ಟೇ ಹಕ್ಕು ಎಂದು ಜಮೀನ್ದಾರರ ಪಕ್ಷ ವಾದ ಹೂಡಿತು. ಅದಕ್ಕೆ ಮೊದಲೇ ಒಕ್ಕಲೆಬ್ಬಿಸಲ್ಪಟ್ಟ ದಕ್ಷಿಣದ ಶೋಕ್ಲೆಂಗ್ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಈ ವಾದವನ್ನು ತಳ್ಳಿಹಾಕಿತು. ಸಂಸತ್ತು ಅದೇ ಡಿಸೆಂಬರಿನಲ್ಲಿ ಅದನ್ನೇ ಕಾನೂನು ಮಾಡಿತು.

ಇಷ್ಟು ಹೇಳಿದ ಮೇಲೆ ನಾನು ಯಾವ ಪಕ್ಷವೆಂದು ನಿಮಗೆ ತಿಳಿದಿರುತ್ತದೆ. ಆದರೆ ಮೆಗ್ಗರ್ಸ್ ತೊಂಬತ್ತರ ಅಂಚಿನವರೆಗೂ ಬಿಡದೆ ಕೇಳುತ್ತಿದ್ದ ಪ್ರಶ್ನೆ ನನ್ನ ನಿದ್ದೆ ಕೆಡಿಸುತ್ತದೆ. ಇಲ್ಲಿ ಲಕ್ಷಗಟ್ಟಲೆ ಜನ ಬಾಳಿದ್ದರು ಎಂದು ನೀವು ಸಾರಿದರೆ, ಹಾಗಾದರೆ ನಾವೂ ಕಡಿದು ಬೆಳೆಯುತ್ತೇವೆ ಎನ್ನುವವನಿಗೆ ಏನು ಹೇಳುತ್ತೀರಿ? ಅಗೆ, ಕಡಿ, ಸೋಯಾ ಬಿತ್ತು ಎಂದು ಪರವಾನಗಿ ಬರೆದುಕೊಟ್ಟಂತಾಗಲಿಲ್ಲವೇ? ಆಕ್ರೆ ರಾಜ್ಯದಲ್ಲಿ ನೂರಾರು ಪುರಾತನ ಕಂದಕವೃತ್ತಗಳು ಬೆಳಕಿಗೆ ಬಂದದ್ದೇ ದನದ ಹುಲ್ಲುಗಾವಲಿಗೆಂದು ಕಾಡು ಬೋಳಾದ ಮೇಲೆ. ಬ್ರೆಜಿಲ್‌ನ ಹುಲ್ಲುಗಾವಲು ತುಂಬಿರುವ ಬಿಳಿ ನೆಲೋರೆ ದನಗಳು ನಮ್ಮ ನೆರೆಯ ಆಂಧ್ರದ ಒಂಗೋಲ್ ಮೂಲದವು ಎಂಬುದನ್ನೂ ಸೇರಿಸಿಕೊಳ್ಳಿ. ನನ್ನ ಪಕ್ಷದ ಸಾಕ್ಷಿಗೆ ಕಾಡೇ ಬೆಲೆ ತೆತ್ತಿದೆ.

ಇನ್ನೂ ಒಂದು ಪ್ರಶ್ನೆ ಇದೆ. ಇಲ್ಲಿ ಜನರಿದ್ದರು, ಮಣ್ಣು ನೋಡಿ ಎಂದು ನಾನು ವಾದಿಸುತ್ತೇನೆ. ಮಾರನ್ಯಾಂವ್ ರಾಜ್ಯದ ಅವಾ ಜನರಂತೆ ಬೇಟೆಯಾಡುತ್ತ, ಕಾಯಿ ಆಯುತ್ತ, ಒಂದೆಡೆ ನಿಲ್ಲದೆ ಅಲೆದು ಬಾಳಿದವರು ಯಾವ ಕಪ್ಪು ಮಣ್ಣನ್ನು ತೋರಿಸಬೇಕು? ಗುರುತು ಬಿಟ್ಟವರಿಗೇ ನೆಲ ಎಂದಾದರೆ, ಜಮೀನ್ದಾರನ ವಾದಕ್ಕೂ ನನ್ನ ವಾದಕ್ಕೂ ಅಂತರವೆಷ್ಟು? ಗುರುತೇ ಬೇಡ ಎಂದರೆ, ಕೋರ್ಟಿನಲ್ಲಿ ನಿಂತವರ ಕೈಗೆ ನಾವು ಕೊಡುವುದಾದರೂ ಏನನ್ನು?