ತಲೆನೋವೂ ಒಂದು ಗಾಯವೇ



2020ರ ಜನವರಿ 8ರ ನಸುಕಿನಲ್ಲಿ ಇರಾಕಿನ ಐನ್ ಅಲ್ ಅಸದ್ ವಾಯುನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದವು. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಯಾರೂ ಸಾಯಲಿಲ್ಲ. ಯಾರಿಗೂ ಏನೂ ಆಗಿಲ್ಲವೆಂದೇ ಅವರ ಸರ್ಕಾರ ಮೊದಲು ಹೇಳಿತು. ಆದರೆ ದಿನ ಕಳೆದಂತೆ ಸೈನಿಕರು ಒಬ್ಬೊಬ್ಬರಾಗಿ ವೈದ್ಯರ ಬಳಿ ಬಂದರು. ಸ್ಫೋಟದ ಅಲೆಯಿಂದ ಮಿದುಳಿಗೆ ಪೆಟ್ಟಾದವರ ಲೆಕ್ಕ ಕೊನೆಗೆ ನೂರನ್ನು ದಾಟಿತು. ಆ ನಡುವೆ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಅವರಿಗೆ ತಲೆನೋವು ಬಂದಿದೆಯಂತೆ, ಅದೇನೂ ಗಂಭೀರವಲ್ಲ ಎಂಬರ್ಥದ ಮಾತಾಡಿದರು. ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಮಾಜಿ ಸೈನಿಕರ ಸಂಘ, ಅಧ್ಯಕ್ಷರು ಕ್ಷಮೆ ಕೇಳಬೇಕೆಂದು ಒತ್ತಾಯಿಸಿತು. ಅದೇ ವರ್ಷ ಆ ಸೈನಿಕರಲ್ಲಿ 29 ಮಂದಿಗೆ ಪರ್ಪಲ್ ಹಾರ್ಟ್ ಮಂಜೂರಾಯಿತು. ಅದು ಶತ್ರುವಿನ ದಾಳಿಯಲ್ಲಿ ಗಾಯಗೊಂಡವರಿಗೆ ಅಥವಾ ಮಡಿದವರಿಗೆ ಸಲ್ಲುವ ಪದಕ. 2021ರ ಕೊನೆಗೆ ಇನ್ನೂ 39 ಮಂದಿಗೆ ಅದೇ ಗೌರವ ದೊರೆಯಿತು.

ಕಣ್ಣಿಗೆ ಕಾಣದ ನೋವನ್ನು ನಂಬಿಸುವುದು ಎಷ್ಟು ಕಷ್ಟ ಎನ್ನುವುದಕ್ಕೆ ಈ ಘಟನೆಯೇ ಸಾಕ್ಷಿ. ಸೇವೆಯಿಂದ ಬಂದ ತಲೆನೋವಿಗೆ ಅಂಗವೈಕಲ್ಯ ಪರಿಹಾರ ಕೇಳುವ ಅಮೆರಿಕದ ಮಾಜಿ ಸೈನಿಕರ ಹೋರಾಟವೂ ಇದೇ.

ಅರೆತಲೆನೋವು, ಅಂದರೆ ಮೈಗ್ರೇನ್, ಸಾಮಾನ್ಯ ತಲೆನೋವಲ್ಲ. ಹೆಚ್ಚಾಗಿ ತಲೆಯ ಒಂದು ಬದಿ ನಾಡಿ ಮಿಡಿದಂತೆ ಸಿಡಿಯುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಬೆಳಕೂ ಸದ್ದೂ ಸಹಿಸಲಾಗುವುದಿಲ್ಲ. ಮದ್ದು ಬೀಳದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಕಾಡಬಲ್ಲದು. ಆದರೆ ಎಂಆರ್‌ಐ ಚಿತ್ರದಲ್ಲಿ ಬಹುಮಟ್ಟಿಗೆ ಏನೂ ಕಾಣುವುದಿಲ್ಲ, ರಕ್ತಪರೀಕ್ಷೆಯೂ ಅದನ್ನು ಹಿಡಿದುಕೊಡುವುದಿಲ್ಲ. ರೋಗಿ ಹೇಳಿದ್ದನ್ನು ಕೇಳಿಯೇ ವೈದ್ಯರು ರೋಗವನ್ನು ಗುರುತಿಸಬೇಕು.

ಪರಿಹಾರ ಕೊಡುವ ಹೊಣೆ ಅಲ್ಲಿನ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯದು. ಅರ್ಜಿದಾರರು ಮೂರು ಸಂಗತಿಗಳನ್ನು ತೋರಿಸಬೇಕು. ರೋಗ ಈಗ ಇದೆ ಎನ್ನುವುದು ಒಂದು. ಸೇವೆಯಲ್ಲಿದ್ದಾಗ ಪೆಟ್ಟೋ ಸ್ಫೋಟವೋ ಕಾಯಿಲೆಯೋ ಆಗಿತ್ತು ಎನ್ನುವುದು ಇನ್ನೊಂದು. ಇವೆರಡಕ್ಕೂ ನಂಟಿದೆ ಎನ್ನುವುದು ಮೂರನೆಯದು. ಸೇವೆಯಿಂದ ಬಂದ ಬೇರೊಂದು ತೊಂದರೆ, ಉದಾಹರಣೆಗೆ ಮಿದುಳಿನ ಪೆಟ್ಟು, ಈ ತಲೆನೋವನ್ನು ತಂದಿದ್ದರೂ ಅರ್ಜಿ ನಿಲ್ಲುತ್ತದೆ. ಕೊಲ್ಲಿ ಯುದ್ಧದ ಪ್ರದೇಶದಲ್ಲಿ ದುಡಿದವರಿಗೆ, ಕಾರಣ ಪತ್ತೆಯಾಗದ ತಲೆನೋವಿಗೂ ನಿಯಮದಲ್ಲಿ ಜಾಗವಿದೆ.

ನಂಟು ಸಾಬೀತಾದ ಮೇಲೆ ತೀವ್ರತೆಯ ಪ್ರಶ್ನೆ ಬರುತ್ತದೆ. ಅರೆತಲೆನೋವಿಗೆ ಇಲಾಖೆಯ ಅಂಗವೈಕಲ್ಯ ಪಟ್ಟಿಯ ಸಂಖ್ಯೆ 8100ರ ಅಡಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಶೇಕಡಾ 0, 10, 30 ಮತ್ತು 50. ಮನುಷ್ಯನನ್ನು ಕೆಡವಿ ಮಲಗಿಸುವ ನೋವು ಸರಾಸರಿ ಎರಡು ತಿಂಗಳಿಗೊಮ್ಮೆ ಬಂದರೆ 10, ತಿಂಗಳಿಗೊಮ್ಮೆ ಬಂದರೆ 30. ಅದು ಪೂರ್ತಿ ಕೆಡವುವಂತೆ ಪದೇ ಪದೇ ಬಂದು, ಬಹಳ ಹೊತ್ತು ನಿಂತು, ದುಡಿಮೆಗೇ ತೀವ್ರ ಅಡ್ಡಿಯಾಗುವಂತಿದ್ದರೆ 50. ಮಾತ್ರೆ ನುಂಗಿ ಕೆಲಸ ಮುಂದುವರಿಸಿದ ದಿನವನ್ನು ಕೆಡವಿದ ನೋವೆಂದು ಒಪ್ಪಿಸುವುದು ಕಷ್ಟ. ಬಹಳಷ್ಟು ವಾದ ನಡೆಯುವುದೇ ಇಲ್ಲಿ.

ನೋವು ನುಂಗಿಕೊಳ್ಳುವುದೇ ಸೈನಿಕನಿಗೆ ಆಗಿರುವ ಅಭ್ಯಾಸ. ಕರ್ತವ್ಯದಲ್ಲಿದ್ದಾಗ ತಲೆನೋವೆಂದು ವೈದ್ಯರ ಬಳಿ ಹೋಗಿರುವುದಿಲ್ಲ, ಹೋಗಿದ್ದರೂ ಕಡತದಲ್ಲಿ ಒಂದು ಸಾಲು ಇದ್ದರೆ ಹೆಚ್ಚು. ವರ್ಷಗಳ ಮೇಲೆ ಇಲಾಖೆಯ ವೈದ್ಯರು ಹೇಗಿದ್ದೀರಿ ಎಂದರೆ ಅವನು ಪರವಾಗಿಲ್ಲ ಎಂದುಬಿಡುತ್ತಾನೆ. ಆ ಒಂದು ಮಾತು ವರದಿಗೆ ಇಳಿಯುತ್ತದೆ, ಅರ್ಜಿ ತಿರಸ್ಕೃತವಾಗುತ್ತದೆ.

ತಿರಸ್ಕಾರವಾದರೂ ದಾರಿ ಮುಚ್ಚುವುದಿಲ್ಲ. 2017ರಲ್ಲಿ ಅಂಗೀಕಾರವಾಗಿ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನು ಮೂರು ದಾರಿಗಳನ್ನು ತೆರೆಯಿತು. ಹೊಸ ಸಾಕ್ಷ್ಯ ಸಿಕ್ಕಿದ್ದರೆ ಪೂರಕ ಅರ್ಜಿ. ಸಾಕ್ಷ್ಯ ಸರಿಯಾಗಿದ್ದು ತೀರ್ಪು ತಪ್ಪಿದ್ದರೆ ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ. ಅಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. ಮೂರನೆಯದು ಬೋರ್ಡ್ ಆಫ್ ವೆಟರನ್ಸ್ ಅಪೀಲ್ಸ್, ಅಂದರೆ ಮೇಲ್ಮನವಿ ಮಂಡಳಿ; ಬೇಕೆಂದರೆ ನ್ಯಾಯಾಧೀಶರ ಮುಂದೆ ಖುದ್ದಾಗಿ ಮಾತಾಡಬಹುದು. ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಟ್ಟರೆ ಮೊದಲ ಅರ್ಜಿಯ ದಿನಾಂಕ ಉಳಿಯುತ್ತದೆ, ಗೆದ್ದಾಗ ಬಾಕಿ ಹಣವೂ ಆ ಲೆಕ್ಕದಲ್ಲೇ ಬರುತ್ತದೆ. ಮಂಡಳಿಯಲ್ಲೂ ಸೋತವರು 120 ದಿನಗಳೊಳಗೆ ಮಾಜಿ ಸೈನಿಕರಿಗೆಂದೇ ಇರುವ ನ್ಯಾಯಾಲಯಕ್ಕೆ ಹೋಗಬಹುದು. 1988ರ ಕಾನೂನಿನಿಂದ ಹುಟ್ಟಿದ ನ್ಯಾಯಾಲಯವಿದು.

ಅಲ್ಲಿನ ನ್ಯಾಯಾಲಯಗಳು ಕಾಣದ ನೋವಿಗೆ ಬೆಲೆ ತಂದುಕೊಟ್ಟಿವೆ. ಶೇಕಡಾ 50 ಸಿಗಬೇಕಾದರೆ ಕೆಲಸವನ್ನೇ ಪೂರ್ತಿ ಕಳೆದುಕೊಂಡಿರಬೇಕಿಲ್ಲ, ನೋವು ದುಡಿಮೆಗೆ ಅಂಥ ಧಕ್ಕೆ ತರಬಲ್ಲದು ಎಂದಾದರೂ ಸಾಕು ಎಂದು 2004ರಲ್ಲಿ ಪಿಯರ್ಸ್ ಪ್ರಕರಣ ಹೇಳಿತು. ರೋಗ ಕಾಣಿಸಿಕೊಂಡ ಕಾಲದ ವೈದ್ಯಕೀಯ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮಾಜಿ ಸೈನಿಕನ ಅಥವಾ ಬಂಧುಗಳ ಮಾತನ್ನು ತಳ್ಳಿಹಾಕುವಂತಿಲ್ಲ ಎಂದು 2006ರಲ್ಲಿ ಬ್ಯುಕ್ಯಾನನ್ ಪ್ರಕರಣದ ತೀರ್ಪು ಹೇಳಿತು. ಪರ ಮತ್ತು ವಿರೋಧದ ಸಾಕ್ಷ್ಯಗಳು ಸಮತೂಕವಾದರೆ ತೀರ್ಮಾನ ಮಾಜಿ ಸೈನಿಕನ ಕಡೆಗೇ ಆಗಬೇಕು ಎಂಬುದು ಕಾನೂನಿನಲ್ಲೇ ಇದೆ.

ಹಾಗಾಗಿ ಅನುಭವಸ್ಥರು ಹೇಳುವ ಮೊದಲ ಮಾತು: ನೋವಿನ ದಿನಚರಿ ಬರೆದಿಡಿ. ಯಾವತ್ತು ಬಂತು, ಎಷ್ಟು ಹೊತ್ತಿತ್ತು, ಕತ್ತಲೆಯ ಕೋಣೆಯಲ್ಲಿ ಮಲಗಬೇಕಾಯಿತೇ, ಕೆಲಸ ತಪ್ಪಿತೇ, ಎಲ್ಲವನ್ನೂ ಅಂದಂದೇ ಬರೆಯಬೇಕು. ಹೆಂಡತಿ ಅಥವಾ ಗಂಡ ಕಣ್ಣಾರೆ ಕಂಡದ್ದನ್ನು, ಜೊತೆಗಿದ್ದ ಸೈನಿಕ ಸ್ಫೋಟದ ದಿನ ಏನಾಯಿತೆನ್ನುವುದನ್ನು ಪತ್ರದಲ್ಲಿ ಹೇಳಬಹುದು. ಅದೂ ಸಾಕ್ಷ್ಯವೇ.

ನಮ್ಮ ದೇಶದಲ್ಲೂ ಇಂಥ ಹೋರಾಟ ನಡೆದಿದೆ. ಮೂರ್ಛೆರೋಗದ ಕಾರಣಕ್ಕೆ ಸೇನೆಯಿಂದ ಹೊರಬಂದ ಸಿಪಾಯಿ ಧರಮ್‌ವೀರ್ ಸಿಂಗ್ ಅವರಿಗೆ, ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಲಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಸೇನೆಗೆ ಸೇರಿದಾಗ ದಾಖಲಾಗದ ರೋಗ ಆಮೇಲೆ ಕಾಣಿಸಿಕೊಂಡರೆ ಅದು ಸೇವೆಯಿಂದ ಬಂದದ್ದೆಂದೇ ಮೊದಲು ಭಾವಿಸಬೇಕು, ಅಲ್ಲವೆನ್ನುವ ವೈದ್ಯಕೀಯ ಮಂಡಳಿ ಕಾರಣ ಬರೆಯಬೇಕು ಎಂದಿತು.

ಕೊಡಗಿನಲ್ಲಿ, ಬೆಳಗಾವಿಯಲ್ಲಿ, ನಾಡಿನ ಉದ್ದಗಲಕ್ಕೂ ಸೈನಿಕರ ಮನೆಗಳಿವೆ. ಆ ಮನೆಯವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮಗನೋ ಮಗಳೋ ರಜೆಯಲ್ಲಿ ಬಂದಾಗ ತಲೆ ಹಿಡಿದು ಕೂತರೆ, ಬರೀ ತಲೆನೋವು ಎನ್ನಬೇಡಿ. ವೈದ್ಯರಿಗೆ ತೋರಿಸಿ, ದಾಖಲೆ ಮಾಡಿಸಿ, ಪ್ರತಿಯನ್ನು ಜೋಪಾನವಾಗಿಡಿ. ಸೇವೆಯಿಂದ ಬಿಡುಗಡೆಯಾಗುವ ಮುನ್ನ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಯಾವ ನೋವನ್ನೂ ಮುಚ್ಚಿಡದಂತೆ ಹೇಳಿ. ಪಿಂಚಣಿ ನಿರಾಕರಣೆಯ ಪತ್ರ ಬಂದರೆ ಅದನ್ನೇ ಕೊನೆಯೆಂದುಕೊಳ್ಳದೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಇದು ದಾನವಲ್ಲ, ದೇಶ ಅವರಿಗೆ ತೀರಿಸಬೇಕಾದ ಋಣ. ಅದನ್ನು ಕೇಳಿ ಪಡೆಯಲು ಯಾರೂ ಸಂಕೋಚಪಡಬೇಕಿಲ್ಲ.